ಗಿಡ್ಡ ಜೋಳ

ಡೋಣಿಯ ಈಚೆ ದಂಡೆಯಲ್ಲಿ ಬದುವೆಂಬ ಬದುವೆಲ್ಲ
ಕುಡಿದವನ ಹೆಜ್ಜೆಯ ಹಾಗೆ ವಾಲುತ್ತದೆ.
ಅಣ್ಣತಮ್ಮಂದಿರ ಜಗಳಕ್ಕೊಂದು ಬಾಗು,
ಬಾರಿಗಿಡಕ್ಕೊಂದು,
ಸತ್ತ ಎತ್ತನ್ನು ಹುಗಿದಲ್ಲಿ ಇನ್ನೊಂದು.
ಇಪ್ಪತ್ತೆರಡು ವರ್ಷ ಸರಪಳಿ ಹಿಡಿದವನು ನಾನು,
ನೆಟ್ಟಗಿನ ಗೆರೆ ಕಂಡರೆ ಅನುಮಾನ ಬರುತ್ತದೆ.

ಬಂತು.
ಎಳ್ಳಮಾಸಿಯ ಚರಗ ಚೆಲ್ಲಿ ಮೂರು ದಿನ,
ಬಿರಾದಾರರ ಹಿಸೆಗೆ ಪೋಡಿ ಮಾಡಲು ಹೋದಾಗ
ಹಳೆಯ ಟಿಪ್ಪಣದಲ್ಲಿ ನಾಲ್ಕು ನಂಬರುಗಳ ಹೊಟ್ಟೆ ಸೀಳಿಕೊಂಡು
ಕೆಂಪು ಶಾಯಿಯ ಜೋಡಿ ಗೆರೆ.
ಪಕ್ಕದಲ್ಲಿ ಮೋಡಿ ಅಕ್ಷರ,
ಅರ್ಧ ಗೆದ್ದಲು ಓದಿ ಮುಗಿಸಿತ್ತು.
ದಾರಿ ಅನ್ನೋಣವೆಂದರೆ
ಎರಡೂ ತುದಿಗೆ ಊರಿಲ್ಲ.

“ಇಮಾನ ಪಟ್ಟೀರಿ ಅದು,” ಅಂದ
ಸರಪಳಿಯ ಆ ತುದಿಯಿಂದ ಸೈದುಸಾಬ ನದಾಫ.
“ಜಪಾನದಂವ ಬರತಾನಂತ ಹಾಕಿದ್ರು.
ಅಂವ ಬರಲಿಲ್ಲ. ಇವರೂ ನಿಲ್ಲಲಿಲ್ಲ.”

ಹುಡುಕಿದೆವು, ಕಚೇರಿಯ ಕೆಲಸ ಬಿಟ್ಟು, ಮೂರು ಮಧ್ಯಾಹ್ನ.
ಹಾಳುಬಾವಿಯ ಹತ್ತಿರ ಸಿಮೆಂಟಿನ ಗಡ್ಡೆ,
ಅದರಲ್ಲೊಂದು ಕಬ್ಬಿಣದ ಬಳೆ;
ಗಾಳಿಗೆ ವಿಮಾನ ಮಗುಚದಂತೆ ಕಟ್ಟುವುದಕ್ಕಂತೆ.
ಈಗ ಗಬ್ಬದ ಎಮ್ಮೆ ಕಟ್ಟುತ್ತಾರೆ.
ಅದು ನಮ್ಮನ್ನು ನೋಡಿತು, ಮೆಲುಕು ನಿಲ್ಲಿಸಲಿಲ್ಲ.
ಚಹಾದಂಗಡಿಯ ಗಟಾರದ ಮೇಲೆ
ತೂತು ತೂತಿನ ಉಕ್ಕಿನ ಹಲಗೆ;
ಆರು ದಿನ ಅದನ್ನೇ ದಾಟಿ ಚಹಾ ಕುಡಿದಿದ್ದೆ.
ಒಂದು ವಿಮಾನ ಇಳಿದಿತ್ತು ಎಂದರು.
ಇಳಿದದ್ದಲ್ಲ, ಮೇಲಿನಿಂದ ನೋಡಿ ಹೋಯಿತು ಎಂದರು.
ಇಮಾನವೇ ಅಲ್ಲ, ಗುತ್ತಿಗೆದಾರನ ಮೋಟಾರು ಎಂದು
ಮಡಿವಾಳಪ್ಪ ಹೂಗಾರ ಜಗಳಕ್ಕೇ ಬಂದ.

ಪಟ್ಟಿ ಮಾತ್ರ ಸಿಗಲಿಲ್ಲ.
ಎತ್ತ ತಿರುಗಿದರೂ ಆಳುದ್ದ ಜೋಳ,
ತೆನೆ ಸೀತನಿಗೆ ಬಂದ ಹೊತ್ತು,
ಮುಖಕ್ಕೆ ಎಲೆ ಕೊಯ್ದು ಉರಿ.

ನಾಲ್ಕನೆಯ ಸಂಜೆ, ಹಕ್ಕಿ ಕಾಯುವ ಅಟ್ಟಣಿಗೆಯ ಮೇಲಿಂದ
ಹುಲಿಗೆವ್ವ ಕರೆದಳು, ಕೊರಳಿಗೆ ಕವಣೆ.
“ನೆಲದ ಮ್ಯಾಲ ನಿಂತು ಏನ್ ಕಾಣತೈತಿ? ಮ್ಯಾಲ ಬಾ.”
ಹತ್ತಿದೆ. ನಾಲ್ಕು ಮೆಟ್ಟಿಲು, ಐದನೆಯದು ಇರಲಿಲ್ಲ.

ಜೋಳದ ನಡುವೆ ಜೋಳವೇ
ಎರಡು ಮೊಳ ಗಿಡ್ಡ,
ಹೊತ್ತಿಗೆ ಮೊದಲೇ ಹಳದಿ,
ಸೂರ್ಯ ಮುಳುಗುವಲ್ಲಿಗೆ ಬಿಗಿದ ಹುರಿಯಷ್ಟು ನೆಟ್ಟಗೆ.
ಡೋಣಿ ತುಂಬಿ ಬೆಳೆದ ವರ್ಷವೂ
ಅಲ್ಲಿ ಸೊಂಟ ಮೀರುವುದಿಲ್ಲವಂತೆ.
ಬೇರು ಒಂದು ಗೇಣು ಇಳಿಯುತ್ತದೆ,
ತಲೆ ಬಡಿಸಿಕೊಂಡು ಅಡ್ಡ ತಿರುಗುತ್ತದೆ.

“ಆ ಕಲ್ಲು ನಾ ಒಡದೀನಿ,” ಅಂದಳು.
“ನಮ್ಮವ್ವ, ಸಣ್ಣವ್ವ, ನಾ. ಹಾಲಹಲ್ಲು ಬಿದ್ದಿರಲಿಲ್ಲ ನಂದು.
ಬುಟ್ಟಿಗೊಂದು ಬಿಲ್ಲೆ. ಎಂಟು ಬಿಲ್ಲೆಗೆ ಆಣೆ.”
ಒಂದು ರಾತ್ರಿ ಡೇರೆ ಕಿತ್ತಿದ್ದರು.
ಎಲ್ಲಿಯದೋ ಯುದ್ಧ ಮುಗಿದಿತ್ತಂತೆ.
ಇಲ್ಲಿ ಯಾರೂ ಯಾರಿಗೂ ಹೇಳಿರಲಿಲ್ಲ,
ಮರುದಿನ ಊಟದ ಹೊತ್ತಿನ ತನಕ ಒಡೆದರಂತೆ.

ಎಲೆಸಂಚಿಯ ತಳ ತಡಕಿ ಅಂಗೈಗೆ ಸುರಿದಳು:
ಐದು ತಗಡಿನ ಬಿಲ್ಲೆ, ನಡುವೆ ತೂತು,
ಅಂಚಿಗೆ ನಂಬರು, ಸುಣ್ಣ ಮೆತ್ತಿ ಮೆತ್ತಿ ಸವೆದದ್ದು.
“ನೀ ಸರಕಾರದಂವ ಅಲ್ಲೇನು?
ಇವನ್ನ ಎಲ್ಲಿ ಮುರಿಸೂದು?”

ಉತಾರ ಗೊತ್ತು ನನಗೆ, ವಾರಸಾ ಗೊತ್ತು,
ಆಕಾರಬಂದ, ಭೋಜಾ, ಖರಾಬು.
“ಕೇಳಿ ನೋಡತೀನಿ,” ಅಂದೆ.
ನಕ್ಕಳು.
ಕವಣೆಗೆ ಕಲ್ಲಿಟ್ಟು ಬೀಸಿದಳು.
ಗಿಡ್ಡ ಜೋಳದಿಂದ ಗುಬ್ಬಿಯ ಹಿಂಡು ಎದ್ದು
ದೊಡ್ಡದೊಂದು ಸುತ್ತು ಹಾಕಿ
ಮತ್ತೆ ಅಲ್ಲೇ ಇಳಿಯಿತು.

ಪೋಡಿ ಮುಗಿಯಿತು.
ಬಿರಾದಾರರು ಬಾವಿಗೆ ಕಿತ್ತಾಡಿದರು, ಬೇವಿನಮರಕ್ಕೆ ಕಿತ್ತಾಡಿದರು,
ಗಿಡ್ಡ ಜೋಳವನ್ನು ಮಾತಿಲ್ಲದೆ ಹಂಚಿಕೊಂಡರು.
ಹೊಸ ನಕಾಶೆಯಲ್ಲಿ ಅದಕ್ಕೆ ಗೆರೆಯಿಲ್ಲ.
ಷರಾ ಕಲಮಿನಲ್ಲಿ ಬರೆದೆ: ನೆಲ ಗಟ್ಟಿ.
ಕೆಳಗೆ ಪೆನ್ಸಿಲಿನಲ್ಲಿ,
ಮೇಲಿನವರು ಉಜ್ಜಿ ಹಾಕಿದರೆ ಹಾಕಲಿ ಎಂದು,
ಕಣ್ಣಿಗೆ ಕಂಡಷ್ಟು:
೨೧೪,
೨೧೫,
ಎರಡು, ಆಮೇಲೆ ಏನೋ, ಆಮೇಲೆ ಏಳು.
ಉಳಿದೆರಡು ಬರೀ ತೂತು.